ತಡವಾಗಿ ಬರುವ ಯೋಗ್ಯತೆ

ಸರ್ಕಾರಿ ಲೆಕ್ಕದಲ್ಲಿ ನಿಮ್ಮ ಒಂದು ದಿನದ ಬೆಲೆ 20 ರೂಪಾಯಿ. ಕುಹಕಕ್ಕೆ ಹೇಳುತ್ತಿಲ್ಲ, ಕಾಯ್ದೆಯಲ್ಲೇ ಇದೆ. 2011ರಲ್ಲಿ ಮಾಡಿ 2012ರ ಏಪ್ರಿಲ್‌ನಲ್ಲಿ ಜಾರಿಗೆ ತಂದ ಸಕಾಲ ಕಾಯ್ದೆಯ ಪ್ರಕಾರ, ನೀವು ಕೇಳಿದ ಪ್ರಮಾಣಪತ್ರ ಗೊತ್ತುಪಡಿಸಿದ ದಿನದೊಳಗೆ ಕೈಗೆ ಬಾರದಿದ್ದರೆ ತಡವಾದ ಪ್ರತಿ ದಿನಕ್ಕೆ 20 ರೂಪಾಯಿ ಪರಿಹಾರ. ಒಟ್ಟು 500 ಮೀರುವಂತಿಲ್ಲ. ಭಾಗಿಸಿ ನೋಡಿ. 25 ದಿನಕ್ಕೆ ಗಂಟು ಖಾಲಿ. ಇಪ್ಪತ್ತಾರನೇ ದಿನದಿಂದ ನೀವು ಪುಕ್ಕಟೆ. ಕಚೇರಿಯ ಗುಮಾಸ್ತರು ಲೆಕ್ಕದಲ್ಲಿ ಜಾಣರಾಗಿದ್ದರೆ ಅಲ್ಲಿಂದ ಮುಂದೆ ಆತುರಪಡಲು ಅವರಿಗೆ ಒಂದೇ ಒಂದು ಕಾರಣವೂ ಉಳಿಯುವುದಿಲ್ಲ. (ಆ 20 ರೂಪಾಯಿಗೂ ಮೇಲ್ಮನವಿ ಹಾಕಬೇಕು, ಮೇಲ್ಮನವಿಗೆ ಒಂದು ದಿನದ ಕೂಲಿ ಬಿಡಬೇಕು. ಅದು ಬೇರೆ ಖಾತೆ.)

ಇದೇ ತಡ ನಿಮ್ಮ ಕಡೆಯಿಂದ ಆಗಲಿ, ನೋಡೋಣ. ಕರೆಂಟ್ ಬಿಲ್ ತಡವಾದರೆ ಬಡ್ಡಿ, ಆಮೇಲೆ ಫ್ಯೂಸು. ಕ್ರೆಡಿಟ್ ಕಾರ್ಡಿನ ಗಡುವು ಮೀರಿದರೆ ದಂಡ ಬೇರೆ, ತಿಂಗಳಿಗೆ ಶೇಕಡ 3ರ ಮೇಲೆ ಬಡ್ಡಿ ಬೇರೆ. ಮಗುವಿನ ಶಾಲೆಯ ಫೀಸು ತಡವಾದರೆ ದಂಡದ ಜೊತೆಗೆ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ನಿಮ್ಮ ಹೆಸರು. ಇಲ್ಲೆಲ್ಲೂ 'ಒಟ್ಟು 500 ಮೀರುವಂತಿಲ್ಲ' ಎಂಬ ಸಾಲು ಇರುವುದಿಲ್ಲ. ಮೇಲಿನವರು ಮಾಡಿದ ತಡಕ್ಕೆ ಮಿತಿ ಉಂಟು, ಕೆಳಗಿನವರು ಮಾಡಿದ ತಡಕ್ಕೆ ಮೀಟರು ಉಂಟು.

ಇಷ್ಟು ಗೊತ್ತಿದ್ದವರಿಗೆ ಬೆಂಗಳೂರಿನ ಹೋಟೆಲುಗಳಲ್ಲಿ ಶನಿವಾರ ಭಾನುವಾರ ನಡೆಯುವ ಶಿಬಿರಗಳಲ್ಲಿ ಜಾಗವಿಲ್ಲ. 'ಸಮಯ ಮತ್ತು ಹಣದ ನಿರ್ವಹಣೆ' ಎಂಬ ಬ್ಯಾನರಿನ ಕೆಳಗೆ, ಕಿವಿಗೆ ಮೈಕು ಸಿಕ್ಕಿಸಿಕೊಂಡ ಮಹನೀಯರು ಮನುಷ್ಯರಲ್ಲಿ ಎರಡೇ ಜಾತಿ ಎನ್ನುತ್ತಾರೆ. ಯೋಜನೆ ಹಾಕುವವರು, ಹಾಕದವರು. ಹಾಕುವವರು ಶ್ರೀಮಂತರಾಗುತ್ತಾರೆ, ಹಾಕದವರು ಅವರ ಕಾರು ತೊಳೆಯುತ್ತಾರೆ. ಪರಿಹಾರವೂ ಸಿದ್ಧ: ಬೆಳಗಿನ ಜಾವ ಐದಕ್ಕೆ ಏಳಿ, ಒಂದು ಡೈರಿ ಇಡಿ, ಗುರಿ ಬರೆಯಿರಿ. ಐದಕ್ಕೆ ಏಳುವುದೇ ಐಶ್ವರ್ಯದ ಗುಟ್ಟಾಗಿದ್ದರೆ ಹಾಲು ಹಾಕುವವರು, ಪೇಪರ್ ಹಾಕುವ ಹುಡುಗರು, ರಸ್ತೆ ಗುಡಿಸುವ ಪೌರಕಾರ್ಮಿಕರು ಇಷ್ಟು ಹೊತ್ತಿಗೆ ಸದಾಶಿವನಗರದಲ್ಲಿ ಬಂಗಲೆ ಕಟ್ಟಿ ಗೃಹಪ್ರವೇಶಕ್ಕೆ ನಮ್ಮನ್ನು ಕರೆದಿರಬೇಕಿತ್ತು.

ನನ್ನ ಪ್ರಕಾರ ಈ ವಿಂಗಡಣೆಯೇ ತಪ್ಪು. ನಮ್ಮಲ್ಲಿರುವ ಎರಡು ಜಾತಿ ಕಾಯಿಸುವವರದು ಮತ್ತು ಕಾಯುವವರದು. ಯೋಜನೆ ಹಾಕುವ ಕೆಲಸ ಪೂರ್ತಿಯಾಗಿ ಎರಡನೆಯ ಜಾತಿಗೆ ಬಿಟ್ಟದ್ದು. ಮೊದಲನೆಯವರಿಗೆ ಅದರ ಅಗತ್ಯವಿಲ್ಲ, ಅವರ ಯೋಜನೆಯನ್ನು ಬೇರೆಯವರ ಹೊತ್ತಿನಲ್ಲಿ ಹಾಕಲಾಗುತ್ತದೆ.

ಅನುಮಾನವಿದ್ದರೆ ಯಾವುದಾದರೂ ತಾಲ್ಲೂಕಿನಲ್ಲಿ ಸೆಪ್ಟೆಂಬರ್ 15ರಂದು ನಡೆಯುವ ಎಂಜಿನಿಯರುಗಳ ದಿನಾಚರಣೆಗೆ ಹೋಗಿ. ಅದು ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟುಹಬ್ಬ. ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕು ಎಂದು 1934ರಲ್ಲೇ, ದೆಹಲಿಯಲ್ಲಿ ಯೋಜನಾ ಆಯೋಗದ ಕನಸೂ ಬೀಳದಿದ್ದ ಕಾಲದಲ್ಲಿ, ಪುಸ್ತಕ ಬರೆದವರು. ಸಮಯಪಾಲನೆಗೆ ಹೆಸರಾದವರು. ಅಂಥವರ ಫೋಟೋಗೆ ಹಾರ ಹಾಕುವ ಕಾರ್ಯಕ್ರಮ ಆಹ್ವಾನ ಪತ್ರಿಕೆಯಲ್ಲಿ 10.30ಕ್ಕೆ. ಶಾಲೆಯ ಮಕ್ಕಳು ಶಾಮಿಯಾನದ ಕೆಳಗೆ ಒಂಬತ್ತಕ್ಕೇ ಹಾಜರು. ಮೈಕಿನವನು "ಹಲೋ, ಮೈಕ್ ಟೆಸ್ಟಿಂಗ್" ಎನ್ನುವುದನ್ನು ಹನ್ನೊಂದರ ತನಕ ಮುಂದುವರಿಸುತ್ತಾನೆ. ಆಮೇಲೆ ಗಣ್ಯರು ಒಬ್ಬೊಬ್ಬರಾಗಿ ಬರುತ್ತಾರೆ, ಬರುವುದಕ್ಕೂ ಒಂದು ಶಿಷ್ಟಾಚಾರವಿದೆ. ಪಂಚಾಯಿತಿ ಸದಸ್ಯರಿಗೆ ಕಾಲು ಗಂಟೆ ತಡ ಸಾಕು. ಅಧ್ಯಕ್ಷರಿಗೆ ಅರ್ಧ ಗಂಟೆ. ಶಾಸಕರಿಗೆ ಎರಡು ಗಂಟೆ. ಮಂತ್ರಿಗಳು ಊಟದ ಹೊತ್ತಿಗೆ. ಶಾಸಕರು ಮಂತ್ರಿಗಳಿಗಿಂತ ಹಿಂದೆ ಬಂದರೆ ಅದನ್ನು ತಡ ಎನ್ನುವುದಿಲ್ಲ, ಬಂಡಾಯ ಎನ್ನುತ್ತಾರೆ. ಇನ್ನು ಹೇಳಿದ ಹೊತ್ತಿಗೇ ಬಂದು ಕೂತ ಅತಿಥಿಯ ಗತಿ? ಸಂಘಟಕರು ಅವರನ್ನು ದೂರದಿಂದ ನೋಡಿ "ಪಾಪ, ಬೇರೆ ಕೆಲಸ ಇಲ್ಲ ಅಂತ ಕಾಣುತ್ತೆ" ಅನ್ನುತ್ತಾರೆ. ಕೊನೆಗೆ ಮಂತ್ರಿಗಳು ಮೈಕು ಹಿಡಿದು "ಸಮಯದ ಅಭಾವದಿಂದ ಎರಡೇ ಮಾತು" ಎಂದು ಶುರು ಮಾಡಿ ಮುಕ್ಕಾಲು ಗಂಟೆ ಮಾತಾಡುತ್ತಾರೆ. ಸಮಯದ ಅಭಾವ ನಿಜವೇ, ಅದು ಮಕ್ಕಳದು.

ಇದಕ್ಕೆಲ್ಲ 'ಇಂಡಿಯನ್ ಟೈಮ್' ಎಂದು ಒಂದು ಹೆಸರಿಟ್ಟು ನಕ್ಕು ಸುಮ್ಮನಾಗುವುದು ರೂಢಿ. ತಡ ಮಾಡುವುದು ನಮ್ಮ ರಕ್ತದಲ್ಲೇ ಇದೆ, ನಮಗೆ ಕಾಲ ಅಂದರೆ ಚಕ್ರ, ಪಾಶ್ಚಾತ್ಯರಿಗೆ ಗೆರೆ ಎಂದು ತತ್ತ್ವಜ್ಞಾನವನ್ನೂ ಮೆತ್ತುತ್ತಾರೆ. ಸುಳ್ಳು. ಇದೇ ಚಕ್ರದ ಜನ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹೊರಡುವ ಒಂದು ಗಂಟೆ ಮೊದಲೇ ಪ್ಲಾಟ್‌ಫಾರ್ಮಿನಲ್ಲಿ ಚಪಾತಿ ಬಿಚ್ಚಿಕೊಂಡು ಕೂತಿರುತ್ತಾರೆ. ದೇವನಹಳ್ಳಿಯ ವಿಮಾನ ನಿಲ್ದಾಣಕ್ಕಂತೂ ಮೂರು ಗಂಟೆ ಮೊದಲು. ಸಭೆಗೆ ಎರಡು ಗಂಟೆ ತಡವಾಗಿ ಬಂದವರೇ ಅಲ್ಲೂ ಇರುತ್ತಾರೆ. ರೈಲು ಅವರಿಗಾಗಿ ಕಾಯುವುದಿಲ್ಲ, ಸಭೆ ಕಾಯುತ್ತದೆ. ರಕ್ತಕ್ಕೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು.

ಹಾಗಾದರೆ ಕರ್ನಾಟಕದಲ್ಲಿ ಹೇಳಿದ ಹೊತ್ತಿಗೆ ಸರಿಯಾಗಿ ಶುರುವಾಗುವ ಸಭೆ ಯಾವುದು? ವಿಧಾನಸಭೆಯಲ್ಲ, ಅಲ್ಲಿ ಸಭಾಧ್ಯಕ್ಷರು ಕೋರಂ ಗಂಟೆ ಬಾರಿಸುತ್ತಾ ಕೂರಬೇಕು. ಸಾಹಿತ್ಯದ ಗೋಷ್ಠಿಯಂತೂ ಅಲ್ಲವೇ ಅಲ್ಲ. ಹೇಳಿದ ಹೊತ್ತಿಗೆ ಶುರುವಾಗುವುದು ಹಳ್ಳಿಯ ಜಗುಲಿಯ ಮೇಲೆ ಬೆಳಿಗ್ಗೆ ಏಳಕ್ಕೋ ಎಂಟಕ್ಕೋ ಸೇರುವ ಮೈಕ್ರೋಫೈನಾನ್ಸ್ ಸಂಘದ ಸಭೆ. ವಾರದ ಕಂತು. ಬೈಕಿನ ಮೇಲೆ ಬ್ಯಾಗು ನೇತುಹಾಕಿಕೊಂಡ ಹುಡುಗ ಬರುವ ಮೊದಲೇ ಹತ್ತು ಹನ್ನೆರಡು ಹೆಂಗಸರು ಚಾಪೆಯ ಮೇಲೆ ಸಾಲಾಗಿ ಕೂತಿರಬೇಕು. ಒಬ್ಬಳು ಬಾರದಿದ್ದರೆ ಉಳಿದವರು ಏಳುವಂತಿಲ್ಲ. ಅವಳ ಮನೆಗೆ ಆಳು ಕಳಿಸಬೇಕು, ಇಲ್ಲವೇ ತಾವೇ ಹಾಕಿ ತುಂಬಬೇಕು. 'ಸಂಘ ಕಟ್ಟಬೇಕು' ಎಂಬುದು ಆ ಮನೆಗಳಲ್ಲಿ ದಿನಚರಿಯ ಮಾತು. ಸೋಮವಾರ ಒಂದು ಸಂಘ, ಬುಧವಾರ ಇನ್ನೊಂದು, ಶುಕ್ರವಾರ ಮತ್ತೊಂದು. ಬುಧವಾರದ್ದನ್ನು ಕಟ್ಟಲು ಶುಕ್ರವಾರದ್ದರಲ್ಲಿ ಎತ್ತಿದ್ದು, ಶುಕ್ರವಾರದ್ದನ್ನು ತೀರಿಸಲು ಓಲೆ ಅಡವಿಟ್ಟದ್ದು. ಯಾವ ದಿನ ಯಾರ ಹತ್ತಿರ ಎಷ್ಟು ಎಂಬುದು ಡೈರಿಯಿಲ್ಲದೆ ತಲೆಯಲ್ಲಿ. ಯಾವ ಲೆಕ್ಕಪರಿಶೋಧಕನೂ ಇಷ್ಟು ಖಾತೆಯನ್ನು ಇಷ್ಟು ಸಣ್ಣ ಆದಾಯದಲ್ಲಿ ಸರಿತೂಗಿಸಲಾರ.

ಆ ಶಿಸ್ತಿಗೆ ಸಿಕ್ಕ ಪ್ರತಿಫಲ ಏನೆಂದು 2025ರ ಜನವರಿಯ ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದೇವೆ. ಚಾಮರಾಜನಗರ, ಮೈಸೂರು ಕಡೆಯ ಹಳ್ಳಿಗಳಲ್ಲಿ ಬೀಗ ಬಿದ್ದ ಮನೆಗಳು, ಆತ್ಮಹತ್ಯೆಗಳು. ಸಾಲ ವಸೂಲಿಯ ಕಿರುಕುಳ ತಡೆಯಲು ಸರ್ಕಾರ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಒಮ್ಮೆ ಹಿಂದಕ್ಕೆ ಕಳಿಸಿದರು, ಆಮೇಲೆ ಫೆಬ್ರುವರಿಯಲ್ಲಿ ಸಹಿ ಬಿತ್ತು. ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಒಳ್ಳೆಯದೇ. ಆದರೆ ಆ ಕಡತ ಬೆಂಗಳೂರಿನಲ್ಲಿ ಹೋಗಿ ಬಂದು ಮಾಡುತ್ತಿದ್ದ ಒಂದೊಂದು ವಾರವೂ ಹಳ್ಳಿಯಲ್ಲಿ ಒಂದು ಕಂತು ಎಂಬುದನ್ನು ಯಾರೂ ಟಿಪ್ಪಣಿಯಲ್ಲಿ ಬರೆದ ಹಾಗಿಲ್ಲ.

ಇದೇ ಹೆಂಗಸರ ಖಾತೆಗೆ ಸರ್ಕಾರವೂ ಕಂತು ಹಾಕುತ್ತದೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಗೃಹಲಕ್ಷ್ಮಿ, ತಿಂಗಳಿಗೆ 2,000 ರೂಪಾಯಿ. ಅದು ಮಾತ್ರ ಬೈಕಿನ ಹುಡುಗನಷ್ಟು ನಿಷ್ಠಾವಂತ ಅಲ್ಲ. ಎರಡು ಮೂರು ತಿಂಗಳು ನಿಂತು ಒಟ್ಟಿಗೆ ಬೀಳುವುದುಂಟು. ಕೇಳಿದರೆ 'ತಾಂತ್ರಿಕ ಕಾರಣ'. ಆ ಹೆಂಗಸು ಬುಧವಾರದ ಚಾಪೆಯ ಮೇಲೆ ಕೂತು "ತಾಂತ್ರಿಕ ಕಾರಣ" ಎನ್ನಲಿ, ಏನಾಗುತ್ತದೋ ನೋಡೋಣ. ಅತ್ತ ಇನ್ನೊಂದು ವರ್ಗ 'ಬಿಟ್ಟಿ ಭಾಗ್ಯದ ದುಡ್ಡನ್ನು ಇವರು ಏನು ಮಾಡುತ್ತಾರೆ, ಯೋಜನೆ ಇಲ್ಲದ ಜನ' ಎಂದು ಟಿವಿಯಲ್ಲಿ ಮರುಗುತ್ತಿರುತ್ತದೆ. ಬರುತ್ತದೋ ಇಲ್ಲವೋ ಗೊತ್ತಿಲ್ಲದ 2,000ದಲ್ಲಿ ಫ್ರಿಜ್ಜಿನ ಕಂತು ಕಟ್ಟಿದ ಹೆಂಗಸಿಗೆ, ಬರುವ ಸಂಬಳ ಗೊತ್ತಿದ್ದೂ ತಿಂಗಳ ಇಪ್ಪತ್ತಕ್ಕೆ ಕಾರ್ಡು ಉಜ್ಜುವವರಿಂದ ಪಾಠ.

ಕೆ.ಆರ್. ಮಾರುಕಟ್ಟೆಯ ಕಡೆ ಹೋದರೆ ಪಾಠ ಇನ್ನೂ ಬಿಗಿ. ತಳ್ಳುಗಾಡಿಯವರಿಗೆ ಮೀಟರ್ ಬಡ್ಡಿಯ ಸಾಲ. ಬೆಳಿಗ್ಗೆ 900 ಕೈಗೆ, ಸಂಜೆಗೆ 1,000 ವಾಪಸು. ಇನ್ನು ಸರ್ಕಾರವೇ ಕೊಡಬೇಕಿದ್ದ ನರೇಗಾ ಕೂಲಿ ಹದಿನೈದು ದಿನ ಮೀರಿ ತಡವಾದರೆ ಕೂಲಿಕಾರರಿಗೆ ಪರಿಹಾರ ಎಷ್ಟಿತ್ತು ಗೊತ್ತೇ? ದಿನಕ್ಕೆ ಶೇಕಡ 0.05. 2025-26ರಲ್ಲಿ ನಮ್ಮ ರಾಜ್ಯದ ಕೂಲಿ 370 ರೂಪಾಯಿ, ಆರು ದಿನಕ್ಕೆ 2,220. ಅದು ಬಾರದೆ ಕೂತರೆ ದಿನಕ್ಕೆ 1 ರೂಪಾಯಿ 11 ಪೈಸೆ ನಿಮ್ಮ ಕಣ್ಣೀರು ಒರೆಸುತ್ತಿತ್ತು. ವರ್ಷದ ಲೆಕ್ಕಕ್ಕೆ ಹಿಡಿದರೆ ಬಡ್ಡಿ ಕಡಿಮೆಯೇನಲ್ಲ ಎಂದು ಅರ್ಥಶಾಸ್ತ್ರದವರು ಹೇಳಬಹುದು. ನಿಜ. ವರ್ಷದ ಲೆಕ್ಕಕ್ಕೆ ಹಿಡಿಯುವಷ್ಟು ಹೊತ್ತು ಹಸಿವು ಕೊಡಬೇಕಷ್ಟೇ.

ಆ ಮೀಟರ್ ಬಡ್ಡಿಯ ಸಾಲದಲ್ಲಿ ಸೊಪ್ಪು ಮಾರುವವಳನ್ನು ಒಂದು ದಿನ ಹಿಂಬಾಲಿಸಿ. ನಸುಕಿನಲ್ಲಿ ಮಾರ್ಕೆಟ್ಟಿಗೆ ಹೋಗುವುದಕ್ಕೆ ಆಟೋ ಪಾಲು. ಬೆಳಿಗ್ಗೆ ಕಟ್ಟಿಗೆ 20 ಹೇಳಬೇಕು, ಯಾಕೆಂದರೆ ಆಫೀಸಿಗೆ ಹೋಗುವವರಿಗೆ ಚೌಕಾಸಿಗೆ ಹೊತ್ತಿಲ್ಲ. ಮಧ್ಯಾಹ್ನ ನೀರು ಚಿಮುಕಿಸಿ ಗೋಣಿ ಹೊದಿಸಬೇಕು. ಸಂಜೆ 10. ರಾತ್ರಿ ಎಂಟಾದರೆ "ಮೂರು ಕಟ್ಟು ಇಪ್ಪತ್ತಕ್ಕೆ ತಗೊಳಕ್ಕ". ಒಂಬತ್ತಕ್ಕೆ ಸಾಲದವನು ಗಾಡಿಯ ಪಕ್ಕ. ಗಂಟೆಗಂಟೆಗೂ ಬೆಲೆ ಬದಲಿಸುವ ಇದೇ ಕೆಲಸವನ್ನು ವಿಮಾನ ಕಂಪನಿ ಮಾಡಿದರೆ ಅದಕ್ಕೆ ಎಂಬಿಎ ಓದಿದವರು ಬೇಕು, ಕೆಲಸಕ್ಕೊಂದು ದೊಡ್ಡ ಹೆಸರೂ ಬೇಕು. ಇವಳು ಮಾಡಿದರೆ ನಾವು ಕರಿಬೇವು ಕೊಸರು ಕೇಳುತ್ತೇವೆ. ಈ ಬಡ್ಡಿಯಿಂದ ಬಿಡಿಸಲೆಂದೇ 2018ರಲ್ಲಿ ರಾಜ್ಯದ ಬಡವರ ಬಂಧು, 2020ರಲ್ಲಿ ಕೇಂದ್ರದ ಸ್ವನಿಧಿ ಬಂದವು. ಎರಡರಲ್ಲೂ ಶುರುವಿಗೆ 10,000 ರೂಪಾಯಿವರೆಗೆ ಸಾಲ ಇತ್ತು. ಅದಕ್ಕೆ ಅರ್ಜಿ, ಗುರುತಿನ ಚೀಟಿ, ಬ್ಯಾಂಕಿನ ಕೌಂಟರು, "ನಾಳೆ ಬಾಮ್ಮ". ಆ ನಾಳೆಗೆ ಒಂದು ದಿನದ ವ್ಯಾಪಾರ ಹೋಗುತ್ತದೆ. ಮೀಟರ್ ಬಡ್ಡಿಯವನು ದುಬಾರಿ ನಿಜ, ಆದರೆ ನಾಳೆ ಬಾ ಎಂದು ಯಾವತ್ತೂ ಹೇಳಿದವನಲ್ಲ.

ಇನ್ನು ಯೋಜನೆಯ ಪಿತಾಮಹನಾದ ಸರ್ಕಾರದ ಕಡೆ ಬರೋಣ. 2025ರ ಮಾರ್ಚ್ 7ರಂದು ಸಿದ್ದರಾಮಯ್ಯನವರು ತಮ್ಮ ಹದಿನಾರನೇ ಬಜೆಟ್ ಓದಿದರು: 4,09,549 ಕೋಟಿ ರೂಪಾಯಿ. ಇಷ್ಟು ದುಡ್ಡಿಗೆ ಹನ್ನೆರಡು ತಿಂಗಳಿವೆ. ಆದರೆ ಇಲಾಖೆಗಳ ಪಂಚಾಂಗದಲ್ಲಿ ಇರುವುದು ಒಂದೇ ತಿಂಗಳು, ಅದರ ಹೆಸರು ಮಾರ್ಚ್. ಮೇಯಿಂದ ಜನವರಿಯ ತನಕ ಗುಂಡಿಯಲ್ಲಿ ನೀವು ಸೊಂಟ ಮುರಿದುಕೊಳ್ಳಿ, ಯಾರೂ ತಿರುಗಿ ನೋಡುವುದಿಲ್ಲ. ಮಾರ್ಚ್ ಬಂತೆಂದರೆ ರಾತ್ರೋರಾತ್ರಿ ಡಾಂಬರಿನ ಹೊಗೆ. "ದುಡ್ಡು ಲ್ಯಾಪ್ಸ್ ಆಗುತ್ತೆ ಸಾರ್." ಡಾಂಬರು ಒಣಗುವ ಮೊದಲೇ ಏಪ್ರಿಲ್‌ನಲ್ಲಿ ನೀರಿನ ಪೈಪಿನವರು ಅಗೆಯಲು ಬರುತ್ತಾರೆ, ಅವರದು ಹೊಸ ವರ್ಷದ ಯೋಜನೆ. ವರ್ಷದ ಕೊನೆಯ ತಿಂಗಳುಗಳಲ್ಲಿ ಹೀಗೆ ಖರ್ಚಿಗೆ ಮುಗಿಬೀಳುವುದು ಹಣಕಾಸಿನ ಔಚಿತ್ಯಕ್ಕೆ ಭಂಗ ಎಂದು ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳೇ ಹೇಳುತ್ತವೆ. ನಿಯಮ ಬರೆಯುವಷ್ಟು ಪರಿಚಿತ ರೋಗ, ಪಾಲಿಸುವಷ್ಟು ಪರಿಚಿತವಲ್ಲದ ಔಷಧ.

ಮನೆಯಲ್ಲಿ ಹೀಗೆ ಮಾಡಿ ನೋಡಿ. ಹೆಂಡತಿ ತಿಂಗಳ ದಿನಸಿಗೆ ಕೊಟ್ಟ ದುಡ್ಡನ್ನು ಇಪ್ಪತ್ತೊಂಬತ್ತರ ತನಕ ಮುಟ್ಟದೆ, ಮೂವತ್ತಕ್ಕೆ ಅಷ್ಟಕ್ಕೂ ಹಿಂಗು ತನ್ನಿ.

ಕಾಮಗಾರಿಗಳ ಮಾತು ಎತ್ತಬಾರದು ಎಂದುಕೊಂಡಿದ್ದೆ, ಆದರೆ ಈಜಿಪುರದ ಮೇಲ್ಸೇತುವೆಯನ್ನು ಬಿಟ್ಟು ಮುಂದೆ ಹೋಗಲು ಯಾರಿಗೂ ಆಗುವುದಿಲ್ಲ, ಕೆಳಗಿನ ರಸ್ತೆಯೂ ಬಿಡುವುದಿಲ್ಲ. ಸುಮಾರು ಎರಡೂವರೆ ಕಿಲೋಮೀಟರ್ ಉದ್ದ. 2017ರಲ್ಲಿ ಶುರು, 2019ಕ್ಕೆ ಮುಗಿಯಬೇಕಿತ್ತು. 2025ರಲ್ಲೂ ಕೆಲಸ ನಡೆಯುತ್ತಲೇ ಇತ್ತು. ಶುರುವಾದ ವರ್ಷ ಹುಟ್ಟಿದ ಮಕ್ಕಳು ಕಂಬಗಳನ್ನು ಎಣಿಸಿ ಮಗ್ಗಿ ಕಲಿತಿದ್ದಾರೆ. ನಮ್ಮ ಮೆಟ್ರೋಗೆ 2006ರ ಜೂನ್‌ನಲ್ಲಿ ಶಂಕುಸ್ಥಾಪನೆ, ಮೊದಲ ಹಂತ ಪೂರ್ತಿ ಓಡಿದ್ದು 2017ರ ಜೂನ್‌ನಲ್ಲಿ, 42 ಕಿಲೋಮೀಟರಿಗೆ ಹನ್ನೊಂದು ವರ್ಷ. ಇವುಗಳಿಗೆಲ್ಲ ಪರಿಷ್ಕೃತ ಅಂದಾಜು ಎಂಬುದೊಂದು ಇರುತ್ತದೆ. ತಡ ಮಾಡಿದ ಗುತ್ತಿಗೆಗೆ ಹೆಚ್ಚು ದುಡ್ಡು ಕೊಡುವ ಪದ್ಧತಿ ಅದು. ಮನೆಗೆಲಸದವಳು ಎಂಟರ ಬದಲು ಹತ್ತಕ್ಕೆ ಬಂದು "ಅಮ್ಮಾ, ಪರಿಷ್ಕೃತ ಅಂದಾಜು" ಎಂದರೆ ಅರ್ಥವಾಗಬಹುದು ಅದರ ಸೊಗಸು.

ನಡುವಿನ ಜನ, ಅಂದರೆ ಈ ಅಂಕಣ ಓದುವ ನಾವು, ಪಾಪ, ಎರಡು ಕಡೆಯೂ ಇದ್ದೇವೆ. ಮೇಲಿನವರಿಗಾಗಿ ಕಾಯುತ್ತೇವೆ, ಕೆಳಗಿನವರನ್ನು ಕಾಯಿಸುತ್ತೇವೆ. ನಮ್ಮ ಯೋಜನೆಯ ಗುರು ಮಾವನ ಮಗನೋ ಭಾವಮೈದನೋ ಆದ ಇನ್ಶೂರೆನ್ಸ್ ಏಜೆಂಟು. ಮಾರ್ಚ್ ಇಪ್ಪತ್ತೆಂಟಕ್ಕೆ ಫೋನು. "ಭಾವ, 80ಸಿಗೆ ಇನ್ನೂ ನಲವತ್ತು ಸಾವಿರ ಬಾಕಿ ಇದೆ, ಒಂದು ಸಹಿ ಹಾಕಿಬಿಡಿ." ಹಾಕಿಬಿಡುತ್ತೇವೆ. ಹನ್ನೆರಡು ಸಾವಿರ ತೆರಿಗೆ ಉಳಿಸಲು ಇಪ್ಪತ್ತು ವರ್ಷ ಕಟ್ಟುವ ಪಾಲಿಸಿ ಕೊಳ್ಳುವುದನ್ನು ನಮ್ಮಲ್ಲಿ ಉಳಿತಾಯ ಎನ್ನುತ್ತಾರೆ. ಹೊಸ ತೆರಿಗೆ ಪದ್ಧತಿಯಲ್ಲಿ ಆ ವಿನಾಯಿತಿಯೇ ಇಲ್ಲ ಎಂದು ಆಮೇಲೆ ಆಫೀಸಿನ ಹುಡುಗ ಹೇಳುತ್ತಾನೆ.

ಆ ಹುಡುಗನದು ಇನ್ನೂ ದೊಡ್ಡ ಯೋಜನೆ. ನಲವತ್ತಕ್ಕೆ ನಿವೃತ್ತಿ. ಅದಕ್ಕೊಂದು ಎಕ್ಸೆಲ್ ಹಾಳೆ, ಹಾಳೆಯಲ್ಲಿ ಬಣ್ಣಬಣ್ಣದ ಗೆರೆ, ಗೆರೆ 2041ರ ತನಕ. ತಿಂಗಳ ಐದನೇ ತಾರೀಕು ಎಸ್‌ಐಪಿ, ಏಳಕ್ಕೆ ಮನೆಯ ಇಎಂಐ, ಹತ್ತಕ್ಕೆ ಬಾಡಿಗೆ. ಬಾಡಿಗೆ ಯಾಕೆಂದರೆ ಇಎಂಐ ಕಟ್ಟುತ್ತಿರುವ ಮನೆ ಇನ್ನೂ ಕಟ್ಟಿ ಮುಗಿದಿಲ್ಲ, ಬಿಲ್ಡರು ಎರಡನೇ ಜಾತಿಯವನಲ್ಲ. ನಲವತ್ತರ ಮೇಲೆ ಉಳಿಯುವ ಇಪ್ಪತ್ತು ವರ್ಷದ ಬಿಡುವಿಗಾಗಿ ಈಗಿನ ಒಂದು ಸಂಜೆಯ ಬಿಡುವನ್ನೂ ಅವನು ಮುಟ್ಟುವುದಿಲ್ಲ. ದಿನಕ್ಕೆ ಎರಡು ಗಂಟೆ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಕೂತಿರುತ್ತಾನಲ್ಲ, ಆ ಹೊತ್ತಿಗೆ ಹಾಳೆಯಲ್ಲಿ ಯಾವ ಕಾಲಮ್ಮೂ ಇಲ್ಲ.

ಅವನ ಅಪ್ಪನ ಯೋಜನೆ ಬೇರೆ ಆಕಾಶದ್ದು. ಸೈಟು ರಿಜಿಸ್ಟ್ರೇಷನ್ನಿಗೆ ಶುಕ್ರವಾರ ಹೊರಟರೆ ಹತ್ತೂವರೆಯಿಂದ ಹನ್ನೆರಡು ರಾಹುಕಾಲ, ಅದಕ್ಕೆ ಮುಂಚೆ ಹೊಸಿಲು ದಾಟಬೇಕು. "ಹತ್ತು ಇಪ್ಪತ್ತಾಯ್ತು ಕಣೇ, ಚಪ್ಪಲಿ ಎಲ್ಲಿ?" ಎಂದು ಕಿರುಚಾಡಿ, ಹತ್ತು ಇಪ್ಪತ್ತೆಂಟಕ್ಕೆ ಬಲಗಾಲಿಟ್ಟು ದಾಟುತ್ತಾರೆ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಸರ್ವರ್ ಡೌನ್. ನಾಲ್ಕು ಗಂಟೆಯ ತನಕ ಬೆಂಚಿನ ಮೇಲೆ. ಗ್ರಹಗಳು ನಿಮಿಷಕ್ಕೆ ಸರಿಯಾಗಿ ಬಂದು ಹೋದವು, ಸರ್ವರ್ ಬರಲಿಲ್ಲ. ಆದರೂ ಆ ಹಿರಿಯರು ಸಿಟ್ಟಾಗುವುದಿಲ್ಲ. ಅವರಿಗೆ ಒಂದು ಖಾತ್ರಿಯಿದೆ: ತಾವಂತೂ ಸರಿಯಾದ ಹೊತ್ತಿಗೆ ಹೊರಟಿದ್ದರು.

ಈ ಎಲ್ಲರೂ ಒಂದೇ ಚಾಪೆಯ ಮೇಲೆ ಕೂರುವ ಜಾಗವೂ ಒಂದಿದೆ, ಚೀಟಿ. ಇಪ್ಪತ್ತು ಜನ, ತಿಂಗಳಿಗೆ ಐದೈದು ಸಾವಿರ, ಒಂದು ಲಕ್ಷದ ಚೀಟಿ. ಮೇಷ್ಟ್ರು, ಬ್ಯಾಂಕಿನಿಂದ ನಿವೃತ್ತರಾದವರು, ಬೇಕರಿಯವರು, ಆಟೋ ಓಡಿಸುವವನು, ಗಾರ್ಮೆಂಟ್ಸಿನ ಹೆಂಗಸು. ಯಾರಿಗೆ ಹೆಚ್ಚು ಅವಸರವೋ ಅವರು ಹೆಚ್ಚು ಬಿಟ್ಟುಕೊಟ್ಟು ಕೂಗುತ್ತಾರೆ. ಅವಸರವಿಲ್ಲದವರು ಕಾಫಿ ಕುಡಿಯುತ್ತಾ ಕಾಯುತ್ತಾರೆ. ಈ ತಿಂಗಳು ಆಟೋದವನ ತಾಯಿ ಆಸ್ಪತ್ರೆಯಲ್ಲಿ.

"ಹತ್ತು ಸಾವಿರ ಬಿಟ್ಟೆ" ಎಂದು ಅವನು ಶುರು ಮಾಡಿದ. ಗಾರ್ಮೆಂಟ್ಸಿನ ಹೆಂಗಸಿಗೆ ಮಗಳ ಕಾಲೇಜು ಫೀಸು. "ಹದಿನೈದು."

"ಇಪ್ಪತ್ತು."

"ಇಪ್ಪತ್ತೈದು" ಎಂದು ಹೇಳಿ ಆಕೆ ತಲೆ ತಗ್ಗಿಸಿದಳು.

"ಮೂವತ್ತು ಹಾಕ್ಕೊಳ್ಳಿ ಅಣ್ಣ" ಎಂದ ಅವನು.

ಆಕೆ ಮುಂದೆ ಕೂಗಲಿಲ್ಲ. ಒಂದು ಲಕ್ಷದ ಚೀಟಿ 70,000ಕ್ಕೆ ಇಳಿಯಿತು. ಬಿಟ್ಟ ಮೂವತ್ತರಲ್ಲಿ ನಡೆಸುವವರ ಕಮಿಷನ್ 5,000 ಹೋಗಿ, ಉಳಿದ 25,000 ಇಪ್ಪತ್ತು ಪಾಲು. ತಲೆಗೆ 1,250. ಅಂದರೆ ಮೇಷ್ಟ್ರು ಈ ಸಲ ಐದು ಸಾವಿರದ ಬದಲು 3,750 ಕಟ್ಟಿದರೆ ಸಾಕು. ಅವರು ಯಾವತ್ತೂ ಕೊನೆಯ ಚೀಟಿಯವರು. ನೋಟು ಎರಡು ಸಲ ಎಣಿಸಿ ಕೊಟ್ಟು, ಉಳಿದದ್ದನ್ನು ಜೇಬಿನ ಒಳಭಾಗಕ್ಕೆ ಸೇರಿಸಿ, ಮೆಟ್ಟಿಲಿಳಿಯುತ್ತಾ ಬ್ಯಾಂಕಿನವರ ಹೆಗಲ ಮೇಲೆ ಕೈಹಾಕಿ ಹೇಳಿದರು: "ಒಳ್ಳೇ ಹುಡುಗ ರೀ, ದುಡಿತಾನೆ. ಆದರೆ ಏನು ಮಾಡೋದು, ಈ ಜನಕ್ಕೆ ಒಂದು ಪ್ಲಾನಿಂಗೇ ಗೊತ್ತಿಲ್ಲ."